ವೆಸೆಲಿನನ ಎಡಗೈ

ಚೆಂಡು ಸರಿಯಾಗಿಯೇ ಇತ್ತು. ಬೇರೆ ಮಾತಿಗೆ ಮೊದಲು ಇದೊಂದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಒಂದಿಡೀ ಚಳಿಗಾಲ ಅದಕ್ಕಾಗಿ ನಾನು ಬೈಸಿಕೊಂಡಿದ್ದೇನೆ. ವೆಸೆಲಿನನ ಎಡ ಮೊಣಕೈಗೆ ನಾನು ಅಂಟಿಸಿದ ಚೆಂಡು ಎಲ್ಲಿರಬೇಕೋ ಅಲ್ಲೇ ಇತ್ತು. ಎಲ್ಲರೂ ಚೆಂಡನ್ನು ನೋಡಿದರು, ಕೈಯನ್ನು ಯಾರೂ ನೋಡಲಿಲ್ಲ. ನೋಡಿದ್ದರೂ ಏನಾಗುತ್ತಿತ್ತು ಅಂತ ಡಾಕ್ಟರು ಕೇಳುತ್ತಾರೆ. ಕೇಳಲಿ, ನನ್ನ ಹೊಟ್ಟೆಯುರಿ ಅದರಿಂದ ಆರುವುದಿಲ್ಲ.

ನಾನು ಗೋರ್ದಾನಾ, ಊರಿಗೆಲ್ಲ ಗೋಗಾ. ಡ್ಯಾನ್ಯೂಬ್ ನದಿ ದಂಡೆಯ ನೋವಿ ಸಾದ್ ಪಟ್ಟಣದ ಲೋಹದ ಕಾರ್ಖಾನೆಯಲ್ಲಿ ಒಂದು ಜಾನಪದ ಕುಣಿತದ ತಂಡವಿತ್ತು, ಅದಕ್ಕೆ ಅಂಗಿ, ಲಂಗ, ಸೊಂಟಪಟ್ಟಿ ಹೊಲಿದುಕೊಂಡಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಅದರ ಗೋದಾಮಿಗೆ ಒಂದು ಸ್ಟುಡಿಯೊ ಬಂತು. ಈಗ ಅಲ್ಲಿ ಮೈಗಂಟುವ ಕಪ್ಪು ಉಡುಪು ಹೊಲಿಯುತ್ತೇನೆ, ಅದರ ಮೇಲೆ ದ್ರಾಕ್ಷಿ ಗಾತ್ರದ ಹೊಳೆಯುವ ಚೆಂಡುಗಳನ್ನು ಅಂಟಿಸುತ್ತೇನೆ. ಭುಜಕ್ಕೆ, ಮೊಣಕೈಗೆ, ಮಂಡಿಗೆ, ಹಿಮ್ಮಡಿಗೆ. ಉಡುಪು ತೊಟ್ಟವನು ನಡೆದರೆ ಗೋಡೆಯ ಸುತ್ತ ಇರುವ ಕ್ಯಾಮೆರಾಗಳಿಗೆ ಮನುಷ್ಯ ಕಾಣುವುದಿಲ್ಲ, ಚೆಂಡುಗಳು ಮಾತ್ರ ಕಾಣುತ್ತವೆ. ಕಂಪ್ಯೂಟರು ಆ ಚುಕ್ಕಿಗಳನ್ನು ಸೇರಿಸಿ ಒಬ್ಬ ಕಡ್ಡಿ ಮನುಷ್ಯನನ್ನು ಮಾಡುತ್ತದೆ. ಆಮೇಲೆ ಆ ಕಡ್ಡಿಗೆ ಬೇಕಾದ ಮೈ ತೊಡಿಸಿ, ಕಂಪ್ಯೂಟರ್ ಆಟಗಳ ಊರುಗಳಲ್ಲಿ ಸಿಪಾಯಿಯೋ ಪಾದ್ರಿಯೋ ಮೀನು ಮಾರುವವನೋ ಆಗಿ ಓಡಾಡಿಸುತ್ತಾರೆ.

ವೆಸೆಲಿನ್ ಮತ್ತು ಯಾದ್ರಾಂಕಾ ಮದುವೆಗೆ ಸಾಕ್ಷಿ ನಿಂತವಳು ನಾನು. ಹಾಗೆ ನಿಂತವಳನ್ನು ನಮ್ಮಲ್ಲಿ ಕೂಮಾ ಅನ್ನುತ್ತಾರೆ. ಒಡಹುಟ್ಟಿದವರ ಜೊತೆ ಬೇಕಾದರೆ ಮಾತು ಬಿಡಬಹುದು, ಕೂಮಾ ಜೊತೆ ಬಿಡುವಂತಿಲ್ಲ. ಅದಕ್ಕೇ ಇಬ್ಬರೂ ನನ್ನ ಬಾಯಿಯನ್ನು ಇಷ್ಟು ವರ್ಷ ಸಹಿಸಿಕೊಂಡಿದ್ದಾರೆ.

ವೆಸೆಲಿನ್ ಹುಟ್ಟಿದ್ದು ಸ್ರೇಮ್ ಕಡೆಯ ಒಂದು ದ್ರಾಕ್ಷಿತೋಟದ ಹಳ್ಳಿಯಲ್ಲಿ. ಅಪ್ಪ ಹಂದಿ ಸಾಕುತ್ತಿದ್ದ. ಮಗ ಕಾರ್ಖಾನೆಗೆ ಸೇರಿ ಲೇತ್ ಹಿಡಿದ. ಓದು ತಲೆಗೆ ಹತ್ತಲಿಲ್ಲ, ಹಾಡಲು ಬರುತ್ತಿರಲಿಲ್ಲ, ಇಸ್ಪೀಟಿನಲ್ಲಿ ಸದಾ ಸೋಲುತ್ತಿದ್ದ. ಆದರೆ ಆ ಮನುಷ್ಯ ನಡೆಯುವುದನ್ನು ನೋಡಬೇಕಿತ್ತು. ಬೇಸಿಗೆಯ ಸಂಜೆ ಅವನು ಕಾರ್ಖಾನೆ ಗೇಟಿನಿಂದ ಬಸ್ ನಿಲ್ದಾಣದವರೆಗೆ ನಡೆದು ಬರುತ್ತಿದ್ದರೆ, ಕಿಟಕಿಯಲ್ಲಿ ಕೂತ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಸುಂದರನೇನಲ್ಲ, ಮೂಗು ಆಲೂಗಡ್ಡೆ. ಭುಜ ಸಡಿಲ, ಕೈಗಳೆರಡೂ ಯಾವ ಅವಸರವೂ ಇಲ್ಲದೆ ಬೀಸಿಕೊಂಡು ಬರುತ್ತಿದ್ದವು, ಹೆಜ್ಜೆ ನೆಲಕ್ಕೆ ತಾಗುವುದೇ ಕೇಳುತ್ತಿರಲಿಲ್ಲ. ನೋಡುತ್ತಿದ್ದರೆ ನಮಗೂ ಎಲ್ಲಿಗಾದರೂ ಹೊರಟುಬಿಡೋಣ ಅನ್ನಿಸುತ್ತಿತ್ತು. ತಂಡದಲ್ಲಿ ಕೋಲೊ ಕುಣಿಯುವಾಗ ಸಾಲಿನ ತುದಿಯಲ್ಲಿ ನಿಂತು ಮುನ್ನಡೆಸುವವನು ಅವನೇ. ಎಡಗೈಯಲ್ಲಿ ಪಕ್ಕದವಳ ಸೊಂಟಪಟ್ಟಿ ಬಿಗಿಯಾಗಿ ಹಿಡಿದು, ಬಲಗೈಯಲ್ಲಿ ಕರವಸ್ತ್ರ ಬೀಸುತ್ತಾ ಇಡೀ ಸಾಲನ್ನು ಎಳೆದುಕೊಂಡು ಹೋಗುತ್ತಿದ್ದ.

ಸ್ಟುಡಿಯೊದ ಮಾಲೀಕ ಒಗ್ನೆನ್ ಅವನನ್ನು ಕಂಡದ್ದು ಯಾರದೋ ಮದುವೆಯಲ್ಲಿ, ಹಾಗೆ ಕೋಲೊ ಎಳೆಯುತ್ತಿರುವಾಗ. ಕುಣಿತ ಮುಗಿಯುವವರೆಗೆ ಕಾದಿದ್ದು ಹತ್ತಿರ ಬಂದ.

“ವೆಸೆಲಿನಣ್ಣ, ನಮ್ಮಲ್ಲಿಗೆ ಬಂದು ಸುಮ್ನೆ ನಡೀತೀರಾ? ಸಂಬಳ ಕೊಡ್ತೀನಿ.”

“ಯಾಕಪ್ಪಾ, ಈ ಊರಲ್ಲಿ ಬೇರೆ ಯಾರಿಗೂ ಕಾಲಿಲ್ವಾ?”

“ಕಾಲಿದೆ. ನಡೆಯೋಕೆ ಬರಲ್ಲ.”

ಕಾರ್ಖಾನೆ ಮುಚ್ಚಿದ ಮೇಲೆ ಯಾವುದೋ ಬ್ಯಾಂಕಿನ ಬಾಗಿಲು ಕಾಯುತ್ತಿದ್ದ ವೆಸೆಲಿನ್ ಮರುವಾರವೇ ಕಾವಲಿನ ಟೋಪಿ ಕಳಚಿಟ್ಟು ಬಂದ. ಅವನ ಹಿಂದೆ ನಾನು ಬಂದೆ, ನನ್ನ ಹಿಂದೆ ಯಾದ್ರಾಂಕಾ.

ಯಾದ್ರಾಂಕಾ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದವಳು. ಗೆರೆ ಒಂದು ಕೂದಲಷ್ಟು ಸೊಟ್ಟಗಾದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಸ್ಟುಡಿಯೊದಲ್ಲಿ ಅವಳಿಗೆ ಸಿಕ್ಕಿದ್ದು ನಡಿಗೆ ಶುಚಿ ಮಾಡುವ ಕೆಲಸ. ಕ್ಯಾಮೆರಾಗಳು ಒಮ್ಮೊಮ್ಮೆ ಚೆಂಡನ್ನು ಕಳೆದುಕೊಳ್ಳುತ್ತವೆ. ಆಗ ಕಡ್ಡಿ ಮನುಷ್ಯನ ಕೈ ಹೊಟ್ಟೆಯೊಳಗೆ ತೂರಿಕೊಳ್ಳುತ್ತದೆ, ಪಾದ ನೆಲದೊಳಗೆ ಮುಳುಗುತ್ತದೆ, ಮಂಡಿ ಸುಮ್ಮಸುಮ್ಮನೆ ಅದುರುತ್ತದೆ. ಅವಳು ಪರದೆ ಮುಂದೆ ಕೂತು ಒಂದೊಂದನ್ನೇ ಸರಿಪಡಿಸುತ್ತಿದ್ದಳು. ಗಂಡನನ್ನು ದಿನವಿಡೀ ನೆಟ್ಟಗೆ ಮಾಡುವ ಕೆಲಸ ಅಂತ ನಾವು ಕಿಚಾಯಿಸುತ್ತಿದ್ದೆವು.

“ಮನೇಲಂತೂ ನನ್ನ ಮಾತು ಕೇಳಲ್ಲ,” ಅನ್ನುತ್ತಿದ್ದಳು. “ಇಲ್ಲಾದ್ರೂ ನಾನು ಹೇಳಿದ ಕಡೆ ಕಾಲಿಡ್ತಾನೆ.”

“ಮನೇಲೂ ಒಂದು ಪರದೆ ಹಾಕ್ಸೇ,” ಅನ್ನುತ್ತಿದ್ದ ಅವನು. “ಕಸದ ಬುಟ್ಟಿ ಅದರೊಳಗಿನ ವೆಸೆಲಿನ್ ಕೈಲೇ ಕೊಟ್ಟು ಕಳಿಸು.”

ಚೆನ್ನಾಗಿಯೇ ಇದ್ದೆವು. ಮಧ್ಯಾಹ್ನ ಎಣ್ಣೆ ಸೋರುವ ಬೂರೆಕ್ ರೊಟ್ಟಿ ಮತ್ತು ಮೊಸರು ತರಿಸಿ, ಉಡುಪಿನ ಮೇಲೆ ಎಣ್ಣೆ ಬೀಳಿಸಬೇಡವೋ ಅಂತ ನಾನು ಕೂಗುತ್ತಾ, ಅವನು ಬೇಕಂತಲೇ ಬೀಳಿಸುತ್ತಾ.

ಆಮೇಲೆ ಯಂತ್ರಕ್ಕೆ ಕಲಿಸುವ ಕಾಲ ಬಂತು. ಒಗ್ನೆನ್ ನಮ್ಮನ್ನೆಲ್ಲ ಕೂರಿಸಿಕೊಂಡು ಕಣ್ಣರಳಿಸಿ ವಿವರಿಸಿದ. ಇನ್ನು ಮುಂದೆ ಒಂದೊಂದು ಆಟಕ್ಕೂ ಹೊಸದಾಗಿ ನಡೆಯಬೇಕಾಗಿಲ್ಲ. ನಡಿಗೆಗಳನ್ನೆಲ್ಲ ರಾಶಿ ಹಾಕಿ ಯಂತ್ರಕ್ಕೆ ಉಣಿಸಿದರೆ ಅದು ಮನುಷ್ಯನ ಮೈ ಹೇಗೆ ಅಲ್ಲಾಡುತ್ತದೆಂದು ತಾನೇ ಕಲಿಯುತ್ತದೆ. ಮಳೆಯಲ್ಲಿ ಬಸ್ಸಿಗೆ ಓಡುವ ಹೆಂಗಸು ಅಂತ ಬರೆದರೆ ಸಾಕು, ಯಾರೂ ಓಡದೆ ಹೆಂಗಸು ಓಡುತ್ತಾಳೆ. ಪಟ್ಟಣಕ್ಕೆ ಪಟ್ಟಣವೇ ಹಾಗೆ ಓಡಾಡುತ್ತದೆ.

“ಹಾಗಾದ್ರೆ ಆ ಹೆಂಗಸು ನಾನಾ?” ಎಂದ ವೆಸೆಲಿನ್.

“ಬೇರು ನಿಮ್ಮದು ಅಣ್ಣ. ಜಾಸ್ತಿ ನಡೆದವರು ನೀವೇ ಅಲ್ವಾ?”

“ಕೇಳಿದ್ಯಾ ಯಾದ್ರಾಂಕಾ, ಪಟ್ಟಣದ ಹೆಂಗಸರೆಲ್ಲ ನಾನೇ ಅಂತೆ. ಇನ್ನು ನನ್ನ ಮೇಲೆ ಅನುಮಾನ ಪಡೋಕೆ ನಿಂಗೆ ಯಾರೂ ಉಳಿದಿಲ್ಲ.”

ನನಗೆ ನಗು ಬರಲಿಲ್ಲ. ಕಲಿತ ಮೇಲೆ ಆ ಯಂತ್ರಕ್ಕೆ ನಾವು ಯಾಕೆ ಬೇಕು ಅಂತ ಕೇಳಿದೆ. ಒಗ್ನೆನ್ ಕಿಟಕಿಯ ಕಡೆ ನೋಡಿ ಕಾಫಿ ಆರಿಹೋಯಿತು ಎಂದ.

ಆ ಚಳಿಗಾಲ ವೆಸೆಲಿನ್ ನಡೆದ ನಡಿಗೆ ಅಷ್ಟಿಷ್ಟಲ್ಲ. ಹಲಗೆ ಏರಿದ, ಇಳಿದ, ಖಾಲಿ ಪೆಟ್ಟಿಗೆ ಹೊತ್ತ, ಗೋಡೆಯೇ ಇಲ್ಲದ ಬಾಗಿಲು ತೆರೆದ, ಇಲ್ಲದ ನಾಯಿಗೆ ಹೆದರಿ ಓಡಿದ. ಕ್ಯಾಮೆರಾ ನೋಡಿಕೊಳ್ಳುವ ಹುಡುಗರಿಂದ ನನಗೆ ಬೈಗುಳ ಶುರುವಾದದ್ದು ಆಗಲೇ.

“ಗೋಗಕ್ಕ, ಎಡ ಮೊಣಕೈ ಚೆಂಡು ಮತ್ತೆ ಸರಿದಿದೆ ನೋಡಿ. ಕೈ ಸರಿಯಾಗಿ ಬರ್ತಿಲ್ಲ.”

ನಾನು ಹೋಗಿ ನೋಡಿದೆ. ಚೆಂಡು ಮೂಳೆಯ ಮೇಲೇ ಇದೆ. ಕಿತ್ತು ಮತ್ತೆ ಅಂಟಿಸಿದೆ. ಮರುದಿನ ಅದೇ ರಾಗ. ಬೇರೆ ಅಂಟು ತಂದೆ. ಮತ್ತೂ ಅದೇ ರಾಗ. ತೋಳಿನ ಬಟ್ಟೆ ಸಡಿಲವಿರಬೇಕು ಎಂದರು, ಬಿಚ್ಚಿ ಬಿಗಿ ಮಾಡಿದೆ. ಕೊನೆಗೊಂದು ದಿನ ಮೈಯೆಲ್ಲ ಉರಿದುಹೋಗಿ ಕೂಗಿಬಿಟ್ಟೆ. “ಸೂಜಿ ಹಿಡಿದೇ ಹುಟ್ಟಿದವಳು ನಾನು! ನಿಮ್ಮ ಕ್ಯಾಮೆರಾ ಕಣ್ಣಿಗೆ ಪೊರೆ ಬಂದಿದೆ, ಮೊದಲು ಅದನ್ನ ನೋಡ್ಕೊಳ್ಳಿ!”

ಕ್ಯಾಮೆರಾ ಜಾಗ ಬದಲಿಸಿದರು. ಏನೂ ಆಗಲಿಲ್ಲ.

ವೆಸೆಲಿನ್ ಮಾತ್ರ ಎಡ ಭುಜ ಹಿಡಿದುಕೊಂಡಂತಿದೆ ಅನ್ನುತ್ತಿದ್ದ. ತಕ್ಷಣ ನಮಗೆಲ್ಲ ಕಾರಣ ಹೊಳೆಯಿತು: ಪ್ರೊಮಾಯ. ಎದುರು ಬದುರು ಬಾಗಿಲು ತೆರೆದಿದ್ದಾಗ ನಡುವೆ ನುಗ್ಗುವ ಗಾಳಿ. ನಮ್ಮ ಕಡೆ ಯಾರಿಗೆ ಕತ್ತು ಹಿಡಿದರೂ, ಹಲ್ಲು ನೋವಾದರೂ, ಬಸುರಿಗೆ ಸಂಕಟವಾದರೂ ತಪ್ಪು ಆ ಗಾಳಿಯದೇ. ಗೋದಾಮಿಗೆ ಎದುರು ಬದುರು ಎರಡು ಬಾಗಿಲಿದ್ದವು, ವೆಸೆಲಿನ್ ಬೆವರಿಕೊಂಡು ನಡುವೆ ನಿಲ್ಲುತ್ತಿದ್ದ. ಇನ್ನೇನು ಬೇಕು? ನಾನು ಹಳೇ ಕಂಬಳಿ ಹೊಲಿದು ಬಾಗಿಲ ಸಂದಿಗೆಲ್ಲ ತುರುಕಿದೆ. ಯಾದ್ರಾಂಕಾ ದಿನಾ ಸಂಜೆ ಅವನ ಭುಜಕ್ಕೆ ರಕಿಯಾ ಸಾರಾಯಿ ಹಾಕಿ ತಿಕ್ಕಿದಳು.

“ಮೇಲೆ ಹಚ್ಚೋ ಬದಲು ಒಳಗೆ ಹಾಕಿದ್ರೆ ಬೇಗ ಹೋಗ್ತಿತ್ತು,” ಎಂದ ಅವನು.

“ಒಳಗೆ ಹಾಕಿ ಹಾಕೇ ಈ ಗತಿ,” ಎಂದಳು.

ಆ ದಿನಗಳಲ್ಲಿ ಅವನ ನಗುವೂ ಕಡಿಮೆಯಾಗಿತ್ತು. ಜೋಕು ಅವೇ, ಆದರೆ ಹೇಳುವಾಗ ಮುಖ ಅಲ್ಲಾಡುತ್ತಿರಲಿಲ್ಲ. ಪಟ್ಟಣದ ತುಂಬ ತಾನೇ ನಡೆಯುತ್ತೇನೆಂದು ಸೊಕ್ಕು ಬಂದಿದೆ ಅಂತ ಅವರ ಮನೆ ಕೆಳಗಿನ ಬ್ರೆಡ್ ಅಂಗಡಿಯವಳು ನನ್ನ ಮುಂದೆಯೇ ಅಂದಳು. ನಾನು ಅವಳಿಗೆ ಸರಿಯಾಗಿ ಝಾಡಿಸಿದೆ. ಒಳಗೊಳಗೇ ನನಗೂ ಹಾಗೇ ಅನ್ನಿಸಿತ್ತು.

ಕೆಲಸ ನಿಲ್ಲುವಂತಿರಲಿಲ್ಲ. ಯಾದ್ರಾಂಕಾ ದಾರಿ ಹುಡುಕಿಕೊಂಡಳು. ಒಂದು ದಿನ ನಾನು ಪಕ್ಕದಲ್ಲಿ ದಾರ ಪೋಣಿಸುತ್ತಾ ಕೂತಿದ್ದಾಗ ತೋರಿಸಿದಳು. ಕಡ್ಡಿ ಮನುಷ್ಯ ನಡೆಯುತ್ತಿದ್ದ. ಬಲಗೈ ಚೆನ್ನಾಗಿ ಬೀಸುತ್ತಿತ್ತು, ಎಡಗೈ ಬಡಿಗೆಯ ಹಾಗೆ ಜೋತುಬಿದ್ದಿತ್ತು.

“ನೋಡು ಕೂಮಾ, ಬಲಗೈನ ಹಾಗೇ ಎತ್ತಿಕೊಳ್ಳೋದು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸೋದು, ಒಂದು ಹೆಜ್ಜೆ ಸರಿಸಿ ಎಡಗೈ ಜಾಗಕ್ಕೆ ಹಾಕೋದು. ಆಯ್ತು.”

ಎಡಗೈ ಬೀಸತೊಡಗಿತು. ಕಾರ್ಖಾನೆ ಗೇಟಿನಿಂದ ಬರುತ್ತಿದ್ದ ವೆಸೆಲಿನ್ ಎದ್ದು ಬಂದ ಹಾಗಾಯಿತು.

“ಶಭಾಷ್!” ಎಂದೆ. “ಚೆಂಡು ಅಂಟಿಸೋ ಕೆಲಸಾನೂ ನೀನೇ ಮಾಡ್ಕೊಂಡುಬಿಡು, ನಾನು ಮನೆಗೆ ಹೋಗ್ತೀನಿ.”

ಆ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸವಂತೆ ಅದು, ಅವಳು ಹೊಸದಾಗಿ ಕಂಡುಹಿಡಿದದ್ದಲ್ಲ. ಚಳಿಗಾಲವಿಡೀ ಒಂದೊಂದು ನಡಿಗೆಗೂ ಹಾಗೇ ಮಾಡಿದಳು. ಸರಿಪಡಿಸಿದ್ದನ್ನು ಯಂತ್ರಕ್ಕೆ ಉಣಿಸಿದರು. ಮೂಲದ್ದು ಜಾಗ ತಿನ್ನುತ್ತದೆಂದು ಅಳಿಸಿದರು.

ವಸಂತದಲ್ಲಿ ಯಂತ್ರ ಕಲಿತು ಮುಗಿಸಿತು. ಹೊರದೇಶದಿಂದ ಗಿರಾಕಿಗಳು ಬಂದರು. ಒಗ್ನೆನ್ ದೊಡ್ಡ ಪರದೆಯನ್ನು ಎರಡು ಭಾಗ ಮಾಡಿದ್ದ. ಒಂದು ಕಡೆ ಈಗ, ಇಲ್ಲೇ, ನಮ್ಮ ಮುಂದೆ ನಡೆಯುವ ವೆಸೆಲಿನ್, ಯಾವ ಶುಚಿಯೂ ಇಲ್ಲದೆ ನೇರವಾಗಿ. ಇನ್ನೊಂದು ಕಡೆ ಯಂತ್ರ ತಾನೇ ಮಾಡಿದ ವೆಸೆಲಿನ್. ಇಬ್ಬರಲ್ಲಿ ಯಾರು ನಿಜ, ಯಾರು ಯಂತ್ರದವನೆಂದು ಗಿರಾಕಿಗಳು ಹೇಳಬೇಕು. ಹೇಳಲಾಗದೆ ತಬ್ಬಿಬ್ಬಾಗುತ್ತಾರೆ ಎಂಬುದು ಒಗ್ನೆನ್‌ನ ಆಸೆ.

ವೆಸೆಲಿನ್ ನಡೆದ. ಪರದೆಯಲ್ಲಿ ಇಬ್ಬರೂ ಒಟ್ಟಿಗೆ ಹೊರಟರು. ಒಬ್ಬ ಎರಡೂ ಕೈ ಬೀಸಿಕೊಂಡು ಹಗುರವಾಗಿ ಹೋದ. ಇನ್ನೊಬ್ಬ ಎಡಗೈಯನ್ನು ಮೈಗೆ ಹಚ್ಚಿಕೊಂಡು, ಎಡ ಹೆಜ್ಜೆಯನ್ನು ಸ್ವಲ್ಪ ಎಳೆಯುತ್ತಾ ಹೋದ. ಗಿರಾಕಿಗಳಲ್ಲೊಬ್ಬ ನಗುತ್ತಾ ಬೆರಳು ಮಾಡಿ, ಈ ಕುಂಟುವವನೇ ಯಂತ್ರದವನು, ಇನ್ನೂ ಸರಿಯಾಗಿ ಕಲಿತಿಲ್ಲ ಎಂದ. ಒಗ್ನೆನ್‌ನ ಕಿವಿ ಕೆಂಪಾಯಿತು. ಆ ಗಿರಾಕಿ ಬೆರಳು ಮಾಡಿದ್ದು ನಮ್ಮವನ ಕಡೆಗೆ.

ಯಾದ್ರಾಂಕಾ ಕೂತಲ್ಲಿಂದ ಕೂಗಿದಳು. “ವೆಸೆಲಿನ್, ಎಡಗೈ ಬೀಸೋ!”

ಅವನು ನಿಲ್ಲದೆ ನಡೆಯುತ್ತಲೇ ಹೇಳಿದ. “ಬೀಸ್ತಾ ಇದೀನಲ್ಲ.”

“ತಮಾಷೆ ಸಾಕು. ಬೀಸು.”

“ಅಯ್ಯೋ, ಬೀಸ್ತಾನೇ ಇದೀನಲ್ಲೇ ಮಾರಾಯ್ತಿ! ಇನ್ನೆಷ್ಟು ಬೀಸ್ಲಿ?”

ಕೈ ಅಲ್ಲಾಡುತ್ತಿರಲಿಲ್ಲ. ಅವನು ತಮಾಷೆ ಮಾಡುತ್ತಿರಲಿಲ್ಲ. ಓಡಿಹೋಗಿ ಅವನ ಮೊಣಕೈ ಹಿಡಿದು ಚೆಂಡಿನ ಮೇಲೆ ಬೆರಳಿಟ್ಟೆ. ಮೂಳೆಯ ಮೇಲೇ ಇತ್ತು. ಜೀವಮಾನದಲ್ಲಿ ಮೊದಲ ಸಲ ಅದು ಸರಿದಿರಲಿ ಅಂತ ಬೇಡಿಕೊಂಡಿದ್ದೆ. ತಿರುಗಿ ನೋಡಿದರೆ ಯಾದ್ರಾಂಕಾ ಎದ್ದು ನಿಂತಿದ್ದಳು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದುಕೊಂಡು.

ಡಾಕ್ಟರಮ್ಮ ಅವನಿಂದ ಬೆರಳಿಗೆ ಬೆರಳು ತಟ್ಟಿಸಿದರು, ಮಣಿಕಟ್ಟು ತಿರುಗಿಸಿದರು, ಉದ್ದಕ್ಕೆ ನಡೆಸಿದರು. ಪಾರ್ಕಿನ್ಸನ್ ಕಾಯಿಲೆ ಎಂದರು. ನಾನು ಬಿಡಲಿಲ್ಲ.

“ನಡುಕಾನೇ ಇಲ್ವಲ್ಲ ಡಾಕ್ಟ್ರೇ! ಇದು ಪ್ರೊಮಾಯ. ಆ ಗೋದಾಮಿನ ಬಾಗಿಲು ನೀವು ನೋಡಿಲ್ಲ.”

“ನಡುಕ ಎಲ್ಲರಿಗೂ ಮೊದಲೇ ಬರಲ್ಲಮ್ಮ,” ಎಂದರು ಅವರು. “ಒಂದು ಕೈ ಬೀಸೋದು ನಿಲ್ಲುತ್ತೆ. ಭುಜ ಬಿಗಿಯುತ್ತೆ, ಮುಖದಲ್ಲಿ ನಗು ಕಡಿಮೆಯಾಗುತ್ತೆ. ಮನೆಯವರಿಗೆ ಗೊತ್ತಾಗುತ್ತೆ ಸಾಮಾನ್ಯವಾಗಿ.” ಆಮೇಲೆ ಯಾದ್ರಾಂಕಾ ಕಡೆ ತಿರುಗಿದರು. “ಯಾವಾಗಿಂದ ಹೀಗಿದೆ?”

ಯಾದ್ರಾಂಕಾ ಎದ್ದು ಚೀಲ ಹೆಗಲಿಗೇರಿಸಿಕೊಂಡಳು.

ಅಲ್ಲಿಂದ ಅವಳು ಮನೆಗೆ ಹೋಗಲಿಲ್ಲ, ನೇರ ಸ್ಟುಡಿಯೊಗೆ ಬಂದಳು. ನಾನೂ ಜೊತೆಗೆ ಬಂದೆ. ಹಳೆಯ ನಡಿಗೆಗಳನ್ನು ಒಂದೊಂದಾಗಿ ತೆರೆದಳು. ಎಂದು ಶುರುವಾಯಿತು ಅಂತ ಅವಳಿಗೆ ನೋಡಬೇಕಿತ್ತು. ಹಲಗೆ ಏರುವ ವೆಸೆಲಿನ್ ಎರಡೂ ಕೈ ಬೀಸುತ್ತಿದ್ದ. ಇಳಿಯುವವನೂ ಬೀಸುತ್ತಿದ್ದ. ನಾಯಿಗೆ ಹೆದರಿ ಓಡುವವನೂ ಬೀಸುತ್ತಿದ್ದ. ಎಷ್ಟು ಹಿಂದೆ ಹೋದರೂ, ಎಷ್ಟು ಮುಂದೆ ಬಂದರೂ ಅವನು ಆರೋಗ್ಯವಾಗಿದ್ದ.

“ಯಾವುದು ಅವನ ಕೈ, ಯಾವುದು ನಾನು ಹಾಕಿದ್ದು, ನನಗೇ ಗೊತ್ತಾಗ್ತಿಲ್ಲ ಕೂಮಾ,” ಎಂದು ಬಿಕ್ಕಿದಳು. “ಕಾಯಿಲೆ ದಿನಾ ಬಂದು ನನ್ನ ಮುಂದೆ ನಿಂತ್ಕೊಳ್ತಿತ್ತು. ನಾನು ದಿನಾ ಒರೆಸಿ ಹಾಕ್ದೆ.”

“ಮೊದಲೇ ಗೊತ್ತಾಗಿದ್ರೂ ಅದನ್ನ ತಡೆಯೋಕೆ ಆಗ್ತಿರಲಿಲ್ಲ ಅಂದ್ರಲ್ಲೇ ಡಾಕ್ಟ್ರು.”

“ಅವರು ಹೇಳ್ತಾರೆ. ನೋಡ್ತಾ ಕೂತಿದ್ದವಳು ನಾನು.”

ಅವಳ ಬೆನ್ನು ಸವರುತ್ತಾ ನಿಂತೆ. ಪರದೆಯಲ್ಲಿ ಅವನು ಪೆಟ್ಟಿಗೆ ಹೊತ್ತು ಆ ಕಡೆಯಿಂದ ಈ ಕಡೆಗೆ ನಡೆಯುತ್ತಲೇ ಇದ್ದ.

ಮಾತ್ರೆ ಕೊಟ್ಟರು. ಒಂದೆರಡು ವರ್ಷ ಪರವಾಗಿಲ್ಲ ಅನ್ನಿಸಿತು, ಆಮೇಲೆ ಅದೂ ಇಲ್ಲ. ನಡುಕ ಬಂತು. ಹೆಜ್ಜೆ ಚಿಕ್ಕದಾಯಿತು. ಬಾಗಿಲು ದಾಟುವಾಗ ಪಾದ ನೆಲಕ್ಕೆ ಮೊಳೆ ಹೊಡೆದಂತೆ ನಿಂತುಬಿಡುತ್ತಿತ್ತು. ಅಡುಗೆಮನೆಗೆ ಬರಲು ಹೊರಟವನು ಹೊಸ್ತಿಲಲ್ಲೇ ನಿಂತು, “ಶುರು ಮಾಡಿ, ನಾನಿಲ್ಲಿಂದಲೇ ವಾಸನೆ ನೋಡ್ತೀನಿ,” ಅನ್ನುತ್ತಿದ್ದ. ನಾವು ನಗಬೇಕೋ ಅಳಬೇಕೋ ತಿಳಿಯದೆ ಸೂಪು ಬಡಿಸುತ್ತಿದ್ದೆವು. ಸ್ಟುಡಿಯೊದಿಂದ ಕರೆ ಬರುವುದು ನಿಂತಿತ್ತು. ಯಂತ್ರಕ್ಕೆ ಅವನು ಬೇಕಾಗಿರಲಿಲ್ಲ. ಬೇಕಾದಷ್ಟು ವೆಸೆಲಿನರು ಅದರ ಹೊಟ್ಟೆಯಲ್ಲಿದ್ದರು.

ಅವರ ಮನೆಯ ಸ್ಲಾವ ಸಂತ ಲೂಕನ ದಿನ. ಮನೆತನ ಕಾಯುವ ಸಂತನ ಹಬ್ಬ ಅದು. ಆ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಕಳಿಸುವುದೂ ಇಲ್ಲ. ಜನ್ಮವೈರಿ ಬಂದರೂ ಬೇಯಿಸಿದ ಸಿಹಿ ಗೋಧಿ ಮುಂದೆ ಹಿಡಿದು, ಕೂರಿಸಿ ಉಣಿಸಿ ಕಳಿಸಬೇಕು. ಒಗ್ನೆನ್ ಲೆಕ್ಕ ಹಾಕಿಯೇ ಆ ದಿನ ಬಂದನೋ, ಭಕ್ತಿಯಿಂದ ಬಂದನೋ ದೇವರಿಗೇ ಗೊತ್ತು. ವೈನ್ ಬಾಟಲು ಹಿಡಿದು ನಿಂತಿದ್ದ. ಯಾದ್ರಾಂಕಾ ಹಲ್ಲು ಕಚ್ಚಿಕೊಂಡು ಗೋಧಿಯ ತಟ್ಟೆ ಹಿಡಿದಳು. ಅವನು ಒಂದು ಚಮಚ ತಿಂದು ಶಿಲುಬೆಯ ಗುರುತು ಮಾಡಿಕೊಂಡು ಕೂತ. ಎಲೆಕೋಸಿನಲ್ಲಿ ಮಾಂಸ ಸುತ್ತಿದ ಸಾರ್ಮಾ ತಿನ್ನುವವರೆಗೆ ಹವಾಮಾನದ ಮಾತಾಡಿದ. ಆಮೇಲೆ ವಿಷಯ ಹೊರಬಂತು.

“ವೃದ್ಧಾಶ್ರಮ ಕಟ್ಟೋ ಒಂದು ಕಂಪನಿ ಇದೆ ವೆಸೆಲಿನಣ್ಣ. ಕಟ್ಟೋಕೆ ಮೊದಲೇ ಕಂಪ್ಯೂಟರಿನಲ್ಲಿ ಆ ಕಟ್ಟಡದ ತುಂಬ ಮುದುಕರನ್ನ ಓಡಾಡಿಸಿ ನೋಡಬೇಕಂತೆ. ಬಾಗಿಲು ಸಾಕಷ್ಟು ಅಗಲ ಇದೆಯಾ, ಎಲ್ಲಿ ಎಡವ್ತಾರೆ ಅಂತ. ನಮ್ಮ ಯಂತ್ರಕ್ಕೆ ಅದು ಬರ್ತಾ ಇಲ್ಲ. ಕಾಯಿಲೆ ಮುದುಕ ಅಂತ ಬರೆದರೂ ಎರಡೂ ಕೈ ಬೀಸ್ಕೊಂಡು ಮದುವೆಗೆ ಹೊರಟ ಹಾಗೆ ಬರ್ತಾನೆ. ನಾವು ಕಲಿಸಿದ್ರಲ್ಲಿ ಅಂಥದ್ದು ಇರಲಿಲ್ಲ.”

“ಇತ್ತು,” ಎಂದಳು ಯಾದ್ರಾಂಕಾ. “ನಾನು ತೆಗೆದೆ.”

ಅವನ ತಟ್ಟೆಗೆ ಇನ್ನೊಂದು ಸಾರ್ಮಾ ಬಡಿಸುತ್ತಲೇ ಮಾತು ಮುಂದುವರಿಸಿದಳು.

“ಇವತ್ತು ಹಬ್ಬ, ಅದಕ್ಕೇ ಸುಮ್ನಿದೀನಿ ಒಗ್ನೆನ್. ಇವನ ಒಳ್ಳೇ ನಡಿಗೆ ತಗೊಂಡ್ರಿ. ಈಗ ಕೆಟ್ಟದ್ದೂ ಬೇಕಾ ನಿಮಗೆ?”

ಒಗ್ನೆನ್ ತಲೆ ತಗ್ಗಿಸಿದ. ವೆಸೆಲಿನ್ ಎರಡೂ ಕೈಯಲ್ಲಿ ಲೋಟ ಹಿಡಿದು ನಿಧಾನವಾಗಿ ಕೆಳಗಿಟ್ಟ.

“ಹೋಗ್ತೀನಿ ಕಣೇ.”

“ಯಾಕೆ? ಯಾರಿಗೋಸ್ಕರ?”

“ಆ ಪಟ್ಟಣದ ತುಂಬ ಅವನೇ ತಿರುಗ್ತಿದಾನೆ, ಆ ಎರಡು ಕೈಯವನು. ನೋಡ್ದಾಗೆಲ್ಲ ನನ್ನ ಅಣಕಿಸೋ ಹಾಗಿರುತ್ತೆ. ನಾನೂ ಒಂದು ಮೂಲೇಲಿ ಇರ್ಲಿ ಬಿಡು. ಕೂಮಾ, ಉಡುಪು ಸಡಿಲ ಮಾಡು, ಹೊಟ್ಟೆ ಬಂದಿದೆ.”

ಹೊಟ್ಟೆ ಬಂದಿರಲಿಲ್ಲ. ಉಡುಪನ್ನು ಎರಡೂ ಕಡೆ ಹಿಡಿದು ಬಿಗಿ ಮಾಡಬೇಕಾಯಿತು. ಸ್ಟುಡಿಯೊದಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಚೆಂಡು ಅಂಟಿಸಿದೆ. ಎಡ ಮೊಣಕೈಗೆ ಬಂದಾಗ ಅವನು, “ಈ ಸಲವಾದ್ರೂ ಸರಿಯಾಗಿ ಅಂಟ್ಸೇ,” ಎಂದ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ, ಆದರೆ ನಗುತ್ತಿದ್ದಾನೆಂದು ನನಗೆ ಗೊತ್ತಾಯಿತು. ಚೆಂಡು ಅವನ ಕೈಯ ಜೊತೆ ನಡುಗುತ್ತಿತ್ತು.

ನೆಲದ ಮೇಲೆ ಗೋಡೆಯಿಲ್ಲದ ಒಂದು ಬಾಗಿಲು ನಿಲ್ಲಿಸಿದ್ದರು. ಅದನ್ನು ದಾಟಿ ಬರಬೇಕಿತ್ತು. ಅವನು ಹೊರಟ. ಪುಟ್ಟ ಪುಟ್ಟ ಹೆಜ್ಜೆ, ಬಾಗಿದ ಬೆನ್ನು. ಬಾಗಿಲ ಹತ್ತಿರ ಬಂದು ನಿಂತುಬಿಟ್ಟ. ಮಂಡಿ ಅದುರುತ್ತಿತ್ತು, ಪಾದ ಮೇಲೇಳಲಿಲ್ಲ. ಹೊತ್ತು ಹೋಗುತ್ತಿತ್ತು, ಕ್ಯಾಮೆರಾಗಳು ನೋಡುತ್ತಲೇ ಇದ್ದವು. ನನಗೆ ತಡೆಯಲಾಗಲಿಲ್ಲ. ಕೋಲೊದ ತಾಳ ಹಾಕಿ ಚಪ್ಪಾಳೆ ತಟ್ಟತೊಡಗಿದೆ, ಬಾಯಲ್ಲೇ ಅಕಾರ್ಡಿಯನ್ ನುಡಿಸಿದೆ. ಅವನು ತಲೆ ಎತ್ತಿದ. ಬಲಗಾಲು ಎದ್ದಿತು, ಹಿಂದೆಯೇ ಎಡಗಾಲು. ಬಾಗಿಲು ದಾಟಿ, ತಾಳಕ್ಕೆ ಸರಿಯಾಗಿ, ಹಳೆಯ ವೆಸೆಲಿನನ ಹಾಗೆ ನಡೆದು ಬಂದ! ಎಡಗೈ ಬೀಸಲಿಲ್ಲ, ನಿಜ. ಆದರೆ ಆ ಕಾಲುಗಳನ್ನು ನೋಡಬೇಕಿತ್ತು.

“ಗೋಗಕ್ಕ,” ಎಂದ ಒಗ್ನೆನ್ ಮೆಲ್ಲಗೆ. ಅವನ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು. “ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ನಮಗೆ ಬೇಕಾಗಿರೋದು… ನಿಂತುಹೋಗೋದು.”

ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ವೆಸೆಲಿನ್ ನನ್ನ ಕಡೆ ನೋಡಿ ಬೇಡ ಅಂತ ತಲೆಯಾಡಿಸಿದ. ಕೈ ಕೆಳಗಿಳಿಸಿದೆ. ಅವನು ವಾಪಸ್ ಹೋಗಿ ಮತ್ತೆ ಹೊರಟ, ಬಾಗಿಲಲ್ಲಿ ಮತ್ತೆ ನಿಂತ. ಈ ಸಲ ಯಾರೂ ಏನೂ ಮಾಡಲಿಲ್ಲ.

ಯಾದ್ರಾಂಕಾ ತನ್ನ ಹಳೆಯ ಕುರ್ಚಿಯಲ್ಲಿ ಕೂತಿದ್ದಳು. ಏನನ್ನೂ ಸರಿಪಡಿಸಬಾರದು, ನಡುಕ ಒಂದಿಷ್ಟೂ ಹೋಗಬಾರದು ಅಂತ ಒಗ್ನೆನ್ ಹೇಳಿದ್ದ. ಪರದೆಯಲ್ಲಿ ಕಡ್ಡಿ ಮನುಷ್ಯ ಬಾಗಿಲ ಮುಂದೆ ಅದುರುತ್ತಾ ನಿಂತಿದ್ದ, ಎಡಗೈ ಜೋತುಬಿದ್ದಿತ್ತು. ಅವಳ ಬೆರಳು ತಾನಾಗಿಯೇ ಪರದೆಯವನ ಬಲಗೈಯನ್ನು ಆರಿಸಿಕೊಂಡಿತು. ನಾನು ಅವಳ ಮಣಿಕಟ್ಟು ಹಿಡಿದೆ. “ಅಭ್ಯಾಸ,” ಎಂದಳು. ಆಮೇಲೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಅದನ್ನು ಯಂತ್ರಕ್ಕೆ ಕಳಿಸುವ ಗುಂಡಿಯನ್ನು ನಾನೇ ಒತ್ತಿದೆ.

ಅದಾದ ಮೇಲೆ ಒಂದು ಭಾನುವಾರ, ಬಿಸಿಲಿತ್ತು, ಡ್ಯಾನ್ಯೂಬ್ ದಂಡೆಗೆ ಹೋದೆವು. ಅಲ್ಲಿ ದಾರಿ ಅಗಲ, ಬಾಗಿಲುಗಳಿಲ್ಲ, ಆದ್ದರಿಂದ ಅವನಿಗೆ ಸಲೀಸು. ನಾನು ಸೂರ್ಯಕಾಂತಿ ಬೀಜದ ಪೊಟ್ಟಣ ಕೊಳ್ಳಲು ನಿಂತು ಹಿಂದೆ ಬಿದ್ದೆ. ತಲೆಯೆತ್ತಿ ನೋಡಿದರೆ ಯಾದ್ರಾಂಕಾ ಅವನ ಎಡ ಮಣಿಕಟ್ಟು ಹಿಡಿದುಕೊಂಡಿದ್ದಳು. ಅವನ ಬಲಗೈ ಹಿಂದಕ್ಕೆ ಹೋದಾಗ ಎಡಗೈಯನ್ನು ಮುಂದಕ್ಕೆ ತಳ್ಳುತ್ತಿದ್ದಳು, ಬಲಗೈ ಮುಂದೆ ಬಂದಾಗ ಹಿಂದಕ್ಕೆ ಎಳೆಯುತ್ತಿದ್ದಳು. ಅವಳ ಕಣ್ಣು ಅವನ ಬಲಗೈ ಮೇಲೇ ಇತ್ತು, ಪರದೆ ನೋಡುವ ಹಾಗೆ. ಹಿಂದಿನಿಂದ ನೋಡಿದರೆ ಎರಡೂ ಕೈ ಬೀಸಿಕೊಂಡು ಹೋಗುತ್ತಿರುವ ವೆಸೆಲಿನ್. ನಾನು ಬೀಜ ಜಗಿಯುವುದನ್ನು ಮರೆತು ನೋಡಿದೆ.

“ಏನೇ ಇದು, ತೊಟ್ಟಿಲು ತೂಗಿದ ಹಾಗೆ?” ಎಂದ ಅವನು. ನಾನು ಹತ್ತಿರ ಬರುತ್ತಿದ್ದೆ, ಕೇಳಿಸಿತು.

“ಸುಮ್ನೆ ನಡಿ.”

“ಜನ ನೋಡ್ತಾರೆ.”

“ನೋಡ್ಲಿ.”

ಒಂದಿಷ್ಟು ದೂರ ಹಾಗೇ ಹೋದರು. ಆಮೇಲೆ ಅವಳು ನಿಧಾನವಾಗಿ ಬೆರಳು ಸಡಿಲಿಸಿದಳು. ನಡೆಯಲು ಕಲಿಯುವ ಕೂಸಿನ ಕೈ ಬಿಡುತ್ತಾರಲ್ಲ, ಹಾಗೆ, ಬಿಟ್ಟದ್ದು ಗೊತ್ತಾಗದಂತೆ. ಕೈ ಒಮ್ಮೆ ಹಿಂದಕ್ಕೆ ಹೋಗಿ ಬಂದು, ತೊಡೆಯ ಪಕ್ಕಕ್ಕೆ ಸೇರಿ, ಅಲ್ಲೇ ನಿಂತಿತು.

“ಈಗ ನೀನೇ ಬೀಸು,” ಎಂದಳು.

ವೆಸೆಲಿನ್ ನದಿಯ ಕಡೆ ನೋಡುತ್ತಾ ಪುಟ್ಟ ಹೆಜ್ಜೆಯಲ್ಲಿ ಹೋಗುತ್ತಲೇ ಇದ್ದ.

“ಬೀಸ್ತಾ ಇದೀನಲ್ಲ,” ಎಂದ.

“ಹೂಂ,” ಎಂದಳು ಯಾದ್ರಾಂಕಾ. “ಬೀಸ್ತಾ ಇದೀಯ.”